ಹಳೇ ಕಥೆ, ಹೊಸ ರೀಲು: ಹಾಲಿವುಡ್ಡಿನ ರೀಮೇಕ್ ಪುರಾಣ



ಕಾರ್ಯಕ್ರಮದಲ್ಲಿ ಎರಡು ಹಾಡುಗಳ ನಡುವೆ ನನಗೆ ಮಾತಾಡಲು ಸಿಗುವುದು ಒಂದೋ ಎರಡೋ ನಿಮಿಷ. ಈ ಪುಟದಲ್ಲಿ ಮಾತ್ರ ಸ್ವಲ್ಪ ಕಾಲು ಚಾಚಿ ಕೂತು ಹರಟಬಹುದು. ಅದಕ್ಕೇ ಈ ಸಲ ಒಂದು ಉದ್ದನೆಯ ಕಥೆ ತಂದಿದ್ದೇನೆ.

ಹಾಲಿವುಡ್ ಬಗ್ಗೆ ಮಾತು ಬಂದರೆ ಸಾಕು, ಒಂದು ದೂರು ತಪ್ಪದೆ ಕೇಳಿಬರುತ್ತದೆ. "ಅವರ ಹತ್ತಿರ ಹೊಸ ಕಥೆಯೇ ಇಲ್ಲ ಕಣ್ರೀ, ಬರೀ ಹಳೇ ಸಿನಿಮಾಗಳನ್ನೇ ತಿರುಗಿಸಿ ಮುರುಗಿಸಿ ತೆಗೀತಾರೆ. ಮುಂಚೆ ಹೀಗಿರಲಿಲ್ಲ!" ದೂರಿನ ಮೊದಲ ಅರ್ಧಕ್ಕೆ ಪುರಾವೆ ಬೇಕಾದಷ್ಟಿದೆ. 1994ರ 'ದಿ ಲಯನ್ ಕಿಂಗ್' 2019ರಲ್ಲಿ ಮತ್ತೆ ಬಂತು. 1992ರ 'ಅಲ್ಲಾದೀನ್' ಅದೇ ವರ್ಷ ಬಂತು. 1959ರ 'ಬೆನ್ ಹರ್' 2016ರಲ್ಲಿ, 1937ರ 'ಸ್ನೋ ವೈಟ್' 2025ರಲ್ಲಿ ಮರುಹುಟ್ಟು ಪಡೆದವು. ಆದರೆ ದೂರಿನ ಎರಡನೇ ಅರ್ಧ, ಅದೇ "ಮುಂಚೆ ಹೀಗಿರಲಿಲ್ಲ" ಅನ್ನೋ ಮಾತು ಇದೆಯಲ್ಲ, ಅದು ಮಾತ್ರ ನಿಲ್ಲುವುದಿಲ್ಲ. ಯಾಕೆ ಅಂತೀರಾ? ಬನ್ನಿ, ರೀಲನ್ನು ಸ್ವಲ್ಪ ಹಿಂದಕ್ಕೆ ಸುತ್ತೋಣ.

1903ರಲ್ಲಿ ಎಡಿಸನ್ ಕಂಪನಿಗಾಗಿ ಎಡ್ವಿನ್ ಪೋರ್ಟರ್ 'ದಿ ಗ್ರೇಟ್ ಟ್ರೇನ್ ರಾಬರಿ' ಎಂಬ ಚಿತ್ರ ತೆಗೆದ. ಸುಮಾರು ಹನ್ನೆರಡು ನಿಮಿಷದ ಮೂಕಿ ಚಿತ್ರ. ರೈಲು ದರೋಡೆ, ಕುದುರೆ ಸವಾರಿ, ಗುಂಡಿನ ಚಕಮಕಿ, ಎಲ್ಲವೂ ಅದರಲ್ಲಿತ್ತು. ಜನ ಮುಗಿಬಿದ್ದು ನೋಡಿದರು. ಮರುವರ್ಷವೇ ಫಿಲಡೆಲ್ಫಿಯಾದ ಸಿಗ್ಮಂಡ್ ಲೂಬಿನ್ ಎಂಬಾತ ಅದೇ ಹೆಸರಿನಲ್ಲಿ, ದೃಶ್ಯಕ್ಕೆ ದೃಶ್ಯ ಹೊಂದಿಸಿ, ತನ್ನದೊಂದು ಚಿತ್ರ ತೆಗೆದು ಮಾರಾಟಕ್ಕಿಟ್ಟ. ನೆನಪಿಡಿ, ಆಗಿನ್ನೂ ಹಾಲಿವುಡ್ಡಿನಲ್ಲಿ ಒಂದು ಸ್ಟುಡಿಯೋ ಕೂಡ ಇರಲಿಲ್ಲ. ಅಂದರೆ ಹಾಲಿವುಡ್ಡಿಗಿಂತ ರೀಮೇಕೇ ವಯಸ್ಸಿನಲ್ಲಿ ದೊಡ್ಡದು!

ಆ ಕಾಲದಲ್ಲಿ ಕಥೆಯ ಹಕ್ಕು ಕೊಳ್ಳುವ ಪದ್ಧತಿಯೂ ಇರಲಿಲ್ಲ. 1907ರಲ್ಲಿ ಕೇಲಮ್ ಎಂಬ ಕಂಪನಿ ಲೂ ವ್ಯಾಲೇಸನ 'ಬೆನ್ ಹರ್' ಕಾದಂಬರಿಯನ್ನು ಯಾರನ್ನೂ ಕೇಳದೆ ಒಂದು ಪುಟ್ಟ ಚಿತ್ರ ಮಾಡಿತು. ಪುಸ್ತಕದ ಪ್ರಕಾಶಕರು ಕೋರ್ಟಿಗೆ ಹೋದರು. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ರಕಾಶಕರ ಪರ ತೀರ್ಪು ಕೊಟ್ಟಿತು. ಪುಸ್ತಕವನ್ನು ಚಿತ್ರ ಮಾಡಬೇಕಾದರೆ ಹಕ್ಕು ಪಡೆಯಲೇಬೇಕು ಎಂಬುದು ಗಟ್ಟಿಯಾಗಿದ್ದು ಆಗ. ಮುಂದೆ ಅದೇ 'ಬೆನ್ ಹರ್' 1925ರಲ್ಲಿ ಎಂಜಿಎಂ ಕಂಪನಿಯ ಭಾರೀ ಮೂಕಿ ಚಿತ್ರವಾಯಿತು. ಅದರ ರಥದ ಪಂದ್ಯದ ಚಿತ್ರೀಕರಣದಲ್ಲಿ ಸಹಾಯಕರ ದಂಡೇ ದುಡಿದಿತ್ತು. ಅವರಲ್ಲಿ ಒಬ್ಬ ವಿಲಿಯಂ ವೈಲರ್. 1959ರಲ್ಲಿ ಎಂಜಿಎಂ ಅದೇ ಕಥೆಯನ್ನು ಮತ್ತೆ ಕೈಗೆತ್ತಿಕೊಂಡಾಗ ನಿರ್ದೇಶಕನ ಕುರ್ಚಿಯಲ್ಲಿ ಕೂತವನು ಅದೇ ವೈಲರ್! ಅದಕ್ಕೆ ಬಂದ ಆಸ್ಕರ್ ಪ್ರಶಸ್ತಿಗಳು ಹನ್ನೊಂದು. ನಾವೆಲ್ಲ 'ಒರಿಜಿನಲ್' ಅಂದುಕೊಂಡಿರುವ 'ಬೆನ್ ಹರ್' ಮೂರನೆಯದು.

ಸೆಸಿಲ್ ಬಿ. ಡಿಮಿಲ್ ಇನ್ನೂ ಒಂದು ಹೆಜ್ಜೆ ಮುಂದೆ. ತನ್ನ ಮೊದಲ ಚಿತ್ರ 'ದಿ ಸ್ಕ್ವಾ ಮ್ಯಾನ್' ಅನ್ನು 1914, 1918 ಮತ್ತು 1931ರಲ್ಲಿ ತಾನೇ ಮೂರು ಸಲ ತೆಗೆದ. 'ಟೆನ್ ಕಮಾಂಡ್‌ಮೆಂಟ್ಸ್' ಎರಡು ಸಲ, 1923 ಮತ್ತು 1956ರಲ್ಲಿ. ಹಿಚ್‌ಕಾಕ್ ಕೂಡ 1934ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ್ದ 'ದಿ ಮ್ಯಾನ್ ಹೂ ನ್ಯೂ ಟೂ ಮಚ್' ಚಿತ್ರವನ್ನು 1956ರಲ್ಲಿ ಹಾಲಿವುಡ್ಡಿನಲ್ಲಿ ಮತ್ತೆ ಮಾಡಿದ.

ಇಷ್ಟೊಂದು ಪುನರಾವರ್ತನೆ ಯಾಕೆ ಬೇಕಿತ್ತು? ಉತ್ತರ ಸರಳ. ಆಗ ಟಿವಿ ಇಲ್ಲ, ವಿಡಿಯೋ ಇಲ್ಲ. ಚಿತ್ರಮಂದಿರದಿಂದ ಹೊರಟ ಸಿನಿಮಾ ಸಾಮಾನ್ಯ ಪ್ರೇಕ್ಷಕನ ಪಾಲಿಗೆ ಮುಗಿದಂತೆಯೇ. ಹತ್ತು ವರ್ಷದ ನಂತರ ಬಂದ ಹೊಸ ಪ್ರೇಕ್ಷಕನಿಗೆ ಅದೇ ಕಥೆ ಹೊಚ್ಚ ಹೊಸದು. ಇದರ ಮೇಲೆ 1927ರ 'ದಿ ಜಾಝ್ ಸಿಂಗರ್' ನಂತರ ಸಿನಿಮಾ ಮಾತಾಡಲು ಕಲಿಯಿತು. ಮೂಕಿ ಚಿತ್ರಗಳು ರಾತ್ರೋರಾತ್ರಿ ಹಳಸಲು ಸರಕಾದವು. ಕಥೆಗಳ ಹಕ್ಕು ಹೇಗೂ ಸ್ಟುಡಿಯೋಗಳ ಕೈಯಲ್ಲೇ ಇತ್ತು. ಅವಕ್ಕೆ ಮಾತು ಕೊಟ್ಟು ಮತ್ತೆ ತೆಗೆದರು, ಅಷ್ಟೆ.

ಹಾಗಂತ ಎಲ್ಲವೂ ಕಾಟಾಚಾರದ ಕೆಲಸವಾಗಿರಲಿಲ್ಲ. ಡ್ಯಾಶಿಯಲ್ ಹ್ಯಾಮೆಟ್‌ನ ಪತ್ತೇದಾರಿ ಕಾದಂಬರಿ 'ದಿ ಮಾಲ್ಟೀಸ್ ಫಾಲ್ಕನ್' ಇದೆಯಲ್ಲ, ಅದನ್ನು ವಾರ್ನರ್ ಬ್ರದರ್ಸ್ 1931ರಲ್ಲೇ ತೆಗೆದಿತ್ತು. 1934ರಿಂದ ಹಾಲಿವುಡ್ಡಿನ ಸ್ವಯಂ ಸೆನ್ಸಾರ್ ನಿಯಮಗಳು ಬಿಗಿಯಾದವು. ಮೊದಲ ಚಿತ್ರ ಬಲು ಸಡಿಲ ಎಂಬ ಕಾರಣಕ್ಕೆ ಅದನ್ನು ಮತ್ತೆ ಬಿಡುಗಡೆ ಮಾಡುವಂತಿರಲಿಲ್ಲ. 1936ರಲ್ಲಿ ಅದನ್ನೇ ತಮಾಷೆಯಾಗಿ ತಿರುಚಿ 'ಸೇಟನ್ ಮೆಟ್ ಎ ಲೇಡಿ' ಎಂದು ತೆಗೆದರು. ಅದು ನೆಲ ಕಚ್ಚಿತು. 1941ರಲ್ಲಿ, ಹತ್ತು ವರ್ಷದಲ್ಲಿ ಮೂರನೇ ಸಲ, ಅದೇ ಕಂಪನಿ ಅದೇ ಕಥೆಯನ್ನು ಜಾನ್ ಹ್ಯೂಸ್ಟನ್ ಎಂಬ ಹೊಸ ನಿರ್ದೇಶಕನ ಕೈಗಿಟ್ಟಿತು. ಆಗಿನ ದೊಡ್ಡ ತಾರೆ ಜಾರ್ಜ್ ರ‍್ಯಾಫ್ಟ್, ಇದೇನು ಮಹತ್ವದ ಚಿತ್ರವಲ್ಲ ಎಂದು ಪಾತ್ರ ಬಿಟ್ಟ. ಅದು ಹಂಫ್ರಿ ಬೋಗಾರ್ಟ್ ಪಾಲಾಯಿತು. ಮುಂದಿನದು ನಿಮಗೆ ಗೊತ್ತು. ಬೋಗಾರ್ಟ್ ಮಹಾತಾರೆಯಾದ. ಹಾಲಿವುಡ್ಡಿನ ಶ್ರೇಷ್ಠ ಚಿತ್ರಗಳ ಪಟ್ಟಿ ಯಾರೇ ಮಾಡಲಿ, 'ಫಾಲ್ಕನ್' ಅದರಲ್ಲಿ ಬರುತ್ತದೆ. "ರೀಮೇಕ್ ಬೇಡ" ಎಂದು ಅವತ್ತೇ ಯಾರಾದರೂ ಕಾನೂನು ಮಾಡಿದ್ದರೆ ಈ ಚಿತ್ರವೇ ಇರುತ್ತಿರಲಿಲ್ಲ.

ಹಾಗಾದರೆ ರೀಮೇಕ್ ಒಳ್ಳೆಯದೇ ಬಿಡಿ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಈ ಪುರಾಣಕ್ಕೆ ಒಂದು ಕತ್ತಲೆ ಅಧ್ಯಾಯವೂ ಇದೆ. ಅದನ್ನು ಹೇಳದೆ ಬಿಟ್ಟರೆ ಕಥೆ ಅರ್ಧ.

1940ರಲ್ಲಿ ಬ್ರಿಟನ್ನಿನ ಥೊರಾಲ್ಡ್ ಡಿಕಿನ್ಸನ್ 'ಗ್ಯಾಸ್‌ಲೈಟ್' ಎಂಬ ಚಿತ್ರ ಮಾಡಿದ. ಹೆಂಡತಿಗೆ ಹುಚ್ಚು ಹಿಡಿದಿದೆ ಎಂದು ಅವಳನ್ನೇ ನಂಬಿಸುವ ಗಂಡನ ಕಥೆ. ಎಂಜಿಎಂ ಅದರ ರೀಮೇಕ್ ಹಕ್ಕು ಕೊಂಡಿತು. 1944ರಲ್ಲಿ ಇಂಗ್ರಿಡ್ ಬರ್ಗ್‌ಮನ್ ನಟಿಸಿದ ಚಿತ್ರ ಬಂತು, ಆಕೆಗೆ ಆಸ್ಕರ್ ಕೂಡ ಬಂತು. ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಹೊಸ ಚಿತ್ರಕ್ಕೆ ಪೈಪೋಟಿ ಇರಬಾರದು ಎಂದು ಹಳೆಯ ಚಿತ್ರದ ನೆಗೆಟಿವ್, ಪ್ರಿಂಟು ಎಲ್ಲವನ್ನೂ ನಾಶ ಮಾಡಿಸಲು ಎಂಜಿಎಂ ಹೊರಟಿತು! ಡಿಕಿನ್ಸನ್ ಗುಟ್ಟಾಗಿ ಒಂದು ಪ್ರಿಂಟು ತೆಗೆಸಿಟ್ಟುಕೊಂಡಿದ್ದ ಎಂದು ಹೇಳುತ್ತಾರೆ. ಅಂತೂ ಚಿತ್ರ ಉಳಿಯಿತು. ಒಬ್ಬರ ನೆನಪನ್ನೇ ಅವರು ನಂಬದಂತೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ 'ಗ್ಯಾಸ್‌ಲೈಟಿಂಗ್' ಎಂಬ ಮಾತು ಹುಟ್ಟಿದ್ದೇ ಈ ಕಥೆಯಿಂದ. ಹಳೆಯ ಚಿತ್ರ ಇರಲೇ ಇಲ್ಲ ಎನ್ನುವಂತೆ ಮಾಡಲು ಹೊರಟ ಕಂಪನಿಯ ಕೆಲಸಕ್ಕೂ ಆ ಮಾತೇ ಒಪ್ಪುತ್ತದೆ, ಅಲ್ಲವೇ?

ಇದೊಂದೇ ಅಲ್ಲ. 1931ರ 'ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್' ಪ್ಯಾರಾಮೌಂಟ್ ಕಂಪನಿಯದು. ಅದರಲ್ಲಿ ನಟಿಸಿದ ಫ್ರೆಡ್ರಿಕ್ ಮಾರ್ಚ್‌ಗೆ ಅತ್ಯುತ್ತಮ ನಟ ಆಸ್ಕರ್ ಬಂದಿತ್ತು. 1941ರಲ್ಲಿ ಸ್ಪೆನ್ಸರ್ ಟ್ರೇಸಿಯನ್ನು ಹಾಕಿಕೊಂಡು ಅದನ್ನೇ ತೆಗೆಯಲು ಹೊರಟ ಎಂಜಿಎಂ ಹಳೆಯ ಚಿತ್ರವನ್ನೇ ಕೊಂಡು ಬೀಗ ಹಾಕಿಟ್ಟಿತು. ದಶಕಗಳ ಕಾಲ ಅದನ್ನು ನೋಡುವುದೇ ದುರ್ಲಭವಾಯಿತು. ಫ್ರೆಂಚ್ ಚಿತ್ರ 'ಪೆಪೆ ಲ ಮೋಕೋ' 1937ರದ್ದು. ಅದರ ರೀಮೇಕ್ 'ಆಲ್ಜಿಯರ್ಸ್' 1938ರಲ್ಲಿ ಬಂತು. ಮೂಲ ಚಿತ್ರ ಅಮೆರಿಕದ ಜನರ ಕಣ್ಣಿಗೆ ಬಿದ್ದದ್ದು ಮಾತ್ರ 1941ರಲ್ಲಿ. ಮಗ ಬಂದ ಮೇಲೆ ಅಪ್ಪನನ್ನು ಅಟ್ಟದ ಮೇಲೆ ಕೂಡಿಹಾಕಿದ ಹಾಗೆ!

ಕೆಲವು ಸಲ ಅಟ್ಟಕ್ಕೇ ಬೆಂಕಿ ಬೀಳುತ್ತದೆ. ಟಾಡ್ ಬ್ರೌನಿಂಗ್ 1927ರಲ್ಲಿ 'ಲಂಡನ್ ಆಫ್ಟರ್ ಮಿಡ್‌ನೈಟ್' ಎಂಬ ಮೂಕಿ ಚಿತ್ರ ಮಾಡಿದ್ದ. ನಟ ಲಾನ್ ಚೇನಿ. 1935ರಲ್ಲಿ ಬ್ರೌನಿಂಗ್ ತಾನೇ ಅದನ್ನು 'ಮಾರ್ಕ್ ಆಫ್ ದಿ ವ್ಯಾಂಪೈರ್' ಎಂದು ಟಾಕಿಯಾಗಿ ತೆಗೆದ. 1965ರಲ್ಲಿ ಎಂಜಿಎಂ ಉಗ್ರಾಣಕ್ಕೆ ಬೆಂಕಿ ಬಿದ್ದು, ಮೂಲ ಚಿತ್ರದ ಗೊತ್ತಿದ್ದ ಕೊನೆಯ ಪ್ರತಿ ಸುಟ್ಟುಹೋಯಿತು. ಇವತ್ತು ಉಳಿದಿರುವುದು ಒಂದಿಷ್ಟು ಸ್ಥಿರಚಿತ್ರಗಳು ಮತ್ತು ಆ ರೀಮೇಕ್. ಹಳೆಯ ಚಿತ್ರಕ್ಕೆ ಗೋರಿ ಕಟ್ಟುವುದೂ ರೀಮೇಕೇ, ಒಮ್ಮೊಮ್ಮೆ ಅದರ ಏಕೈಕ ಸ್ಮಾರಕವಾಗಿ ಉಳಿಯುವುದೂ ರೀಮೇಕೇ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಸುಮಾರು 70 ಪಾಲು, ಅಂದರೆ ನೂರಕ್ಕೆ ಎಪ್ಪತ್ತು, ಸಂಪೂರ್ಣ ನಾಶವಾಗಿವೆ.

ನಮಗೂ ಈ ನೋವು ಹೊಸದಲ್ಲ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' 1934ರಲ್ಲಿ ಬಿಡುಗಡೆಯಾಯಿತು. ನಿರ್ದೇಶಕರು ವೈ.ವಿ. ರಾವ್. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಪುಣೆ, ಮುಂಬೈ ಕೇಳುಗರೇ, ಕನ್ನಡ ತೆರೆಯ ಮೇಲೆ ಮಾತಾಡಲು ಕಲಿತದ್ದು ನಿಮ್ಮ ಕಡೆಯ ನೆಲದಲ್ಲೇ! ಆ ಚಿತ್ರದ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಎಷ್ಟು ದುಡ್ಡು ಕೊಟ್ಟರೂ ನೋಡಲಾಗದು.

ಸರಿ, ಈಗ ಇವತ್ತಿನ ಮಾತಿಗೆ ಬರೋಣ. ಈಗ ಟಿವಿ ಇದೆ, ಮೊಬೈಲಿನಲ್ಲೇ ಸಿನಿಮಾ ಇದೆ. ಹಳೆಯ ಚಿತ್ರ ಸಿಗುವುದಿಲ್ಲ ಎಂಬ ನೆಪ ಇಲ್ಲ. ಆದರೂ ರೀಮೇಕ್ ಯಾಕೆ? ಡಿಸ್ನಿ ಕಂಪನಿಯನ್ನೇ ನೋಡಿ. 1937ರ 'ಸ್ನೋ ವೈಟ್' ಅನ್ನು ಅವರು 1944ರಲ್ಲಿ ಮತ್ತೆ ಚಿತ್ರಮಂದಿರಗಳಿಗೆ ತಂದರು, ಆಮೇಲೂ ಹಲವು ಸಲ ತಂದರು. ಪ್ರತಿ ಸಲ ಹೊಸ ಪೀಳಿಗೆಯ ಮಕ್ಕಳು ಟಿಕೆಟ್ ಕೊಂಡು ನೋಡುತ್ತಿದ್ದರು. ಕ್ಯಾಸೆಟ್, ಡಿವಿಡಿ ಮನೆಗೆ ಬಂದ ಮೇಲೆ ಆ ವ್ಯಾಪಾರ ನಿಂತಿತು. ಮನೆಯಲ್ಲೇ ಇರುವ ಚಿತ್ರಕ್ಕೆ ಯಾರು ಟಿಕೆಟ್ ಕೊಳ್ಳುತ್ತಾರೆ? ಆದ್ದರಿಂದ ಅದೇ ಚಿತ್ರವನ್ನು ಹೊಸದಾಗಿ ತೆಗೆದು ಟಿಕೆಟ್ ಮಾರುವ ದಾರಿ ಹಿಡಿದರು. 2019ರ 'ಲಯನ್ ಕಿಂಗ್' ಜಗತ್ತಿನಾದ್ಯಂತ 160 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅಪ್ಪ ಅಮ್ಮಂದಿರಿಗೆ ಹೆಸರು ಗೊತ್ತು, ಮಕ್ಕಳಿಗೆ ಚಿತ್ರ ಹೊಸದು. ಜಾಹೀರಾತಿನ ಅರ್ಧ ಕೆಲಸ ಅಲ್ಲೇ ಮುಗಿಯಿತು. ಆದರೆ ಈ ಲೆಕ್ಕ ಸದಾ ಕೂಡುವುದಿಲ್ಲ. 2016ರ 'ಬೆನ್ ಹರ್' ಸೋತಿತು, 2025ರ 'ಸ್ನೋ ವೈಟ್' ಕೂಡ ಸೋತಿತು.

ಒಂದು ಸ್ವಾರಸ್ಯ ಗಮನಿಸಿ. 2019ರಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಗಳಿಸಿದ ಹತ್ತು ಹಾಲಿವುಡ್ ಚಿತ್ರಗಳಲ್ಲಿ ರೀಮೇಕ್ ಎರಡೇ, 'ಲಯನ್ ಕಿಂಗ್' ಮತ್ತು 'ಅಲ್ಲಾದೀನ್'. ಉಳಿದವು ಮುಂದುವರಿದ ಭಾಗಗಳು, ಕಾಮಿಕ್ ಪುಸ್ತಕದ ಪಾತ್ರಗಳ ಚಿತ್ರಗಳು. ಪ್ರೇಕ್ಷಕನಿಗೆ ಮೊದಲೇ ಪರಿಚಯವಿಲ್ಲದ ಪಾತ್ರಗಳನ್ನು ಹೊತ್ತ ಚಿತ್ರ ಆ ಹತ್ತರಲ್ಲಿ ಒಂದೂ ಇಲ್ಲ. ಹಾಗಾಗಿ ಹಾಲಿವುಡ್ ಅತಿಯಾಗಿ ನೆಚ್ಚಿಕೊಂಡಿರುವುದು ರೀಮೇಕನ್ನಲ್ಲ, ಪರಿಚಿತ ಹೆಸರನ್ನು. ರೀಮೇಕ್ ಅದರ ಒಂದು ರೂಪ ಅಷ್ಟೆ.

ಹೆಸರನ್ನಲ್ಲ, ಕಥೆಯನ್ನು ನಂಬಿ ಮಾಡಿದ ರೀಮೇಕ್ ಹೇಗಿರುತ್ತದೆ? 2014ರ ಫ್ರೆಂಚ್ ಚಿತ್ರ 'ಲಾ ಫಮೀ ಬೆಲಿಯೇ' ಕಿವಿ ಕೇಳದ ಕುಟುಂಬವೊಂದರಲ್ಲಿ ಹುಟ್ಟಿದ, ಹಾಡುವ ಹುಡುಗಿಯ ಕಥೆ. ಅದರಲ್ಲಿ ಅಪ್ಪ ಅಮ್ಮನ ಪಾತ್ರ ಮಾಡಿದವರು ಕಿವಿ ಕೇಳುವ ನಟರು. ಇದಕ್ಕೆ ಟೀಕೆಯೂ ಬಂದಿತ್ತು. 2021ರಲ್ಲಿ ಶಾನ್ ಹೇಡರ್ ಅದನ್ನು 'ಕೋಡಾ' ಎಂದು ಇಂಗ್ಲಿಷಿನಲ್ಲಿ ಮಾಡಿದಾಗ ಆ ಪಾತ್ರಗಳನ್ನು ನಿಜವಾಗಿ ಕಿವುಡರಾದ ಕಲಾವಿದರಿಗೇ ಕೊಟ್ಟರು. ಅಪ್ಪನ ಪಾತ್ರದ ಟ್ರಾಯ್ ಕೋಟ್ಸರ್‌ಗೆ ಆಸ್ಕರ್ ಬಂತು, ಚಿತ್ರವೂ 2022ರಲ್ಲಿ ಅತ್ಯುತ್ತಮ ಚಿತ್ರ ಎನಿಸಿತು. ಮೊದಲನೆಯದು ಎಡವಿದ ಜಾಗದಲ್ಲಿ ಎರಡನೆಯದು ನೆಟ್ಟಗೆ ನಡೆಯಿತು. ಇದಕ್ಕೆ ಎದುರಾಗಿ 1998ರ 'ಸೈಕೋ' ನೋಡಿ. ಹಿಚ್‌ಕಾಕ್‌ನ 1960ರ ಚಿತ್ರವನ್ನು ಹೆಚ್ಚುಕಡಿಮೆ ಶಾಟಿಗೆ ಶಾಟು ನಕಲು ಮಾಡಿ, ಬಣ್ಣದಲ್ಲಿ ತೆಗೆದರು. ಶಾಟುಗಳೆಲ್ಲ ಬಂದವು, ಭಯ ಮಾತ್ರ ಬರಲಿಲ್ಲ.

ಕನ್ನಡ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಪ ಹೇಳಿದ್ದು ವ್ಯಾಸರ ಕಥೆ. ರನ್ನ ಅದರಲ್ಲೇ ಗದಾಯುದ್ಧವನ್ನು ಆರಿಸಿಕೊಂಡ. ಕುಮಾರವ್ಯಾಸ ಮತ್ತೆ ಮೊದಲಿಂದ ಶುರು ಮಾಡಿದ. ಇವರನ್ನು ಯಾರೂ ನಕಲು ಎನ್ನುವುದಿಲ್ಲ. ಯಾಕೆಂದರೆ ಪ್ರತಿಯೊಬ್ಬನೂ ತನ್ನ ಕಾಲದ ಮಾತು ಹೇಳಿದ. ಅಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ಕುಮಾರವ್ಯಾಸ ಬಂದನೆಂದು ಪಂಪನ ಓಲೆಗರಿಗಳಿಗೆ ಯಾರೂ ಬೆಂಕಿ ಇಡಲಿಲ್ಲ. ಇಬ್ಬರೂ ಉಳಿದರು, ಇಬ್ಬರನ್ನೂ ಓದುತ್ತೇವೆ.

ಹಾಗಾಗಿ ಕೇಳುಗರೇ, "ಹಾಲಿವುಡ್ ರೀಮೇಕ್ ಅತಿಯಾಯಿತೇ?" ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಎಷ್ಟು ರೀಮೇಕ್ ಬಂದವು ಎಂದು ಎಣಿಸುವುದರಿಂದ ಏನೂ ತಿಳಿಯುವುದಿಲ್ಲ. ಎರಡು ಪ್ರಶ್ನೆ ಕೇಳಿ. ಹೊಸದು ಹಳೆಯದರಲ್ಲಿ ಇಲ್ಲದ ಏನನ್ನಾದರೂ ಹೇಳಿತೇ? ಹಳೆಯದು ಇನ್ನೂ ನೋಡಲು ಸಿಗುತ್ತದೆಯೇ? ಎರಡಕ್ಕೂ ಹೌದು ಎಂದಾದರೆ ಹತ್ತು ಸಲ ಬೇಕಾದರೂ ತೆಗೆಯಲಿ. ಎರಡನೆಯದಕ್ಕೆ ಇಲ್ಲ ಎಂದಾದರೆ ಮಾತ್ರ ದೂರು ಹೇಳಲೇಬೇಕು. ಇಂದು ಹಳೆಯ ಚಿತ್ರವನ್ನು ಸುಡಬೇಕಾಗಿಯೇ ಇಲ್ಲ. ಯಾರೂ ಕೇಳದಿದ್ದರೆ ಸಾಕು, ಅದು ಪಟ್ಟಿಯಿಂದ ಮೆಲ್ಲಗೆ ಜಾರಿಹೋಗುತ್ತದೆ.

ಮುಂದಿನ ಸಲ ಮಕ್ಕಳ ಜೊತೆ ಒಂದು ರೀಮೇಕ್ ನೋಡಿದರೆ, ಅದೇ ವಾರ ಹಳೆಯದನ್ನೂ ಹುಡುಕಿ ತೋರಿಸಿ. ಯಾವುದು ಚೆನ್ನಾಗಿತ್ತು ಎಂದು ಅವರೇ ಜಗಳ ಆಡಲಿ. ಆ ಜಗಳ ನಡೆಯುವವರೆಗೆ ಎರಡೂ ಚಿತ್ರಗಳು ಬದುಕಿರುತ್ತವೆ. ನಿಮ್ಮ ಮನೆಯ ತೀರ್ಪು ಏನಾಯಿತು ಅಂತ ನಮಗೊಂದು ಪತ್ರ ಬರೆಯಿರಿ, ಕಾರ್ಯಕ್ರಮದಲ್ಲಿ ಓದುತ್ತೇನೆ. ಅಲ್ಲಿಯವರೆಗೆ, ಕೇಳ್ತಾ ಇರಿ, ಕನ್ನಡದಲ್ಲೇ ಮಾತಾಡ್ತಾ ಇರಿ. ನಮಸ್ಕಾರ!