ಹಳಿಯಿಂದ ತೊಟ್ಟಿಗೆ

ಬಯೋ ಟಾಯ್ಲೆಟ್ ಬಂದ ಮೇಲೆ ರೈಲಿನಲ್ಲಿ ನಾತ ಹೆಚ್ಚಾಯಿತು, ಹಳೆಯದೇ ವಾಸಿಯಿತ್ತು ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರ ಮಾತು ಪೂರ್ತಿ ಸುಳ್ಳೇನಲ್ಲ. ಹಳೆಯ ಶೌಚಾಲಯದಲ್ಲಿ ಹೊಲಸು ಬೋಗಿಯೊಳಗೆ ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಹೊಸದರಲ್ಲಿ ಅದು ಬೋಗಿಯ ಅಡಿಗೆ ಬಿಗಿದ ತೊಟ್ಟಿಯಲ್ಲಿ ಕೊಳೆತು ಕರಗುವ ತನಕ ಕೂತಿರುತ್ತದೆ. ಆದರೆ ಹಳೆಯದು ವಾಸಿಯಿತ್ತು ಎನ್ನುವಾಗ, ಯಾರಿಗೆ ವಾಸಿಯಿತ್ತು ಎಂದೂ ಕೇಳಬೇಕಾಗುತ್ತದೆ. ನಮ್ಮ ರೈಲಿನ ಶೌಚಾಲಯದ ಚರಿತ್ರೆಯನ್ನು ತೆಗೆದು ನೋಡಿದರೆ, ಸುಮಾರು ನೂರು ವರ್ಷ ಅಲ್ಲಿ ನಾತವನ್ನು ಯಾರೂ ನಿವಾರಿಸಲಿಲ್ಲ. ಪ್ರಯಾಣಿಕನ ಮೂಗಿನ ಬಳಿಯಿಂದ ತೆಗೆದು ಇನ್ನೊಬ್ಬರ ಕೈಗೆ ದಾಟಿಸಿದರು. ಹಾಗೆ ದಾಟಿಸುವುದು ನಿಲ್ಲಬಹುದು ಎಂಬ ಸಾಧ್ಯತೆ ಹುಟ್ಟಿದ್ದು ತೊಟ್ಟಿ ಬಂದ ಮೇಲೆ. ಈಗಿನ ದೂರುಗಳನ್ನು ಆ ಹಿನ್ನೆಲೆಯಲ್ಲಿಟ್ಟು ತೂಗಬೇಕು ಎಂಬುದು ನನ್ನ ವಾದ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಾಗ ಬೋಗಿಯೊಳಗೆ ಶೌಚಾಲಯ ಎಂಬ ಯೋಚನೆಯೇ ಇರಲಿಲ್ಲ. ಆ ಮೇಲೆ ದಾರಿ ನೂರಾರು ಮೈಲಿಗೆ ಬೆಳೆದರೂ ಸಾಮಾನ್ಯ ದರ್ಜೆಯವರ ಪಾಲಿಗೆ ಅದು ಬರಲಿಲ್ಲ. ಎಂಜಿನ್ನು ನೀರು ಕುಡಿಯಲು ನಿಂತ ಕಡೆ ಇಳಿದು, ಗಾರ್ಡಿನ ಸೀಟಿ ಕೇಳಿಸಿದೊಡನೆ ಓಡಿಬರಬೇಕು. ಅಹ್ಮದ್‌ಪುರ ಸ್ಟೇಷನ್ನಿನಲ್ಲಿ ಹಾಗೆ ಇಳಿದು, ಗಾಡಿ ತಪ್ಪಿಸಿಕೊಂಡು, ಒಂದು ಕೈಯಲ್ಲಿ ತಂಬಿಗೆ ಇನ್ನೊಂದರಲ್ಲಿ ಪಂಚೆ ಹಿಡಿದು ಓಡಿ ಬಿದ್ದ ಓಖಿಲ್ ಚಂದ್ರ ಸೇನ್ ಎಂಬಾತ ಸಾಹಿಬ್‌ಗಂಜ್ ಕಚೇರಿಗೆ 1909ರಲ್ಲಿ ಬರೆದನೆಂದು ಹೇಳುವ ಪತ್ರ ದೇಶದಲ್ಲೆಲ್ಲ ಪ್ರಸಿದ್ಧ. ಅದನ್ನು ಓದಿ ನಕ್ಕವರೇ ಹೆಚ್ಚು. ಹರಕು ಇಂಗ್ಲಿಷಿನ ಆ ನಾಲ್ಕು ಸಾಲುಗಳಲ್ಲಿರುವುದು ತುಂಬಿದ ಪ್ಲಾಟ್‌ಫಾರ್ಮಿನ ಎದುರು ಮಾನ ಕಳೆದುಕೊಂಡ ಮನುಷ್ಯನ ಸಂಕಟ. ಆ ಪತ್ರದಿಂದಲೇ ರೈಲಿಗೆ ಶೌಚಾಲಯ ಬಂತು ಎಂಬ ಕಥೆಯನ್ನು ಮಾತ್ರ ಹಾಗೆಯೇ ಒಪ್ಪಲಾಗದು. ಮೊದಲ ದರ್ಜೆಯ ಡಬ್ಬಿಗಳಿಗೆ ಈ ಸೌಕರ್ಯ ಅದಕ್ಕೂ ಮುಂಚೆಯೇ ಬಂದಿತ್ತು. ಮೂರನೆಯ ದರ್ಜೆಗೆ ಬಂದ ಮೇಲೂ ಅದು ಹೆಸರಿಗಷ್ಟೇ ಇತ್ತು. 1917ರಲ್ಲಿ ಗಾಂಧೀಜಿ ಮೂರನೆಯ ದರ್ಜೆಯಲ್ಲಿ ಬೊಂಬಾಯಿಯಿಂದ ಮದರಾಸಿಗೆ ಮಾಡಿದ ಪ್ರಯಾಣದ ವಿವರವನ್ನು ಬರೆದಿಟ್ಟಿದ್ದಾರೆ. ಇಪ್ಪತ್ತೆರಡು ಜನರ ಡಬ್ಬಿ. ರಾಯಚೂರು ತಲುಪುವ ಹೊತ್ತಿಗೆ ನೂಕುನುಗ್ಗಲು ತಡೆಯಲಾಗದಷ್ಟಾಗಿತ್ತು. ದಾರಿಯುದ್ದಕ್ಕೂ ಶೌಚಾಲಯವನ್ನು ಒಮ್ಮೆಯೂ ತೊಳೆಯಲಿಲ್ಲ, ತೊಟ್ಟಿಯಲ್ಲಿ ನೀರೂ ಇರಲಿಲ್ಲ. ಅವರು ಬರೆದದ್ದು ಪ್ರಯಾಣಿಕನ ಕಡೆಯಿಂದ. ಬೋಗಿಯ ಅಡಿಯಲ್ಲಿ ಬಿದ್ದದ್ದರ ಕಥೆ ಇನ್ನೊಂದಿತ್ತು.

ಆ ಶೌಚಾಲಯದ ರಚನೆ ಅತಿ ಸರಳ: ನೆಲದಲ್ಲೊಂದು ಬೋಗುಣಿ, ಅದರ ಬುಡದಿಂದ ನೇರವಾಗಿ ಕೆಳಗಿಳಿದ ಗಿಡ್ಡ ಕೊಳವೆ, ಅದರಡಿ ಓಡುವ ಜಲ್ಲಿಕಲ್ಲು. ಬಗ್ಗಿ ನೋಡಿದರೆ ಸ್ಲೀಪರುಗಳು ಸರಸರ ಹಿಂದಕ್ಕೆ ಸರಿಯುವುದು ಕಾಣುತ್ತಿತ್ತು, ಕೊಳವೆಯಿಂದ ಗಾಳಿ ರಭಸವಾಗಿ ಮೇಲೆ ನುಗ್ಗುತ್ತಿತ್ತು. ಮನೆಯ ಶೌಚಾಲಯದಲ್ಲಿ ನಾತವನ್ನು ತಡೆಯುವ ನೀರಿನ ಬಾಗು ಇಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ, ಏಕೆಂದರೆ ತಡೆಯಬೇಕಾದ ವಸ್ತುವೇ ಹಿಂದೆ ಉಳಿದುಹೋಗುತ್ತಿತ್ತು. ಗಾಡಿ ನಿಂತಾಗ ಮಾತ್ರ ಉಳಿಯುತ್ತಿರಲಿಲ್ಲ. ಆದ್ದರಿಂದಲೇ ಸ್ಟೇಷನ್ನಿನಲ್ಲಿ ನಿಂತಿರುವಾಗ ಶೌಚಾಲಯ ಬಳಸಬಾರದು ಎಂಬ ಫಲಕ. ರಾತ್ರಿಯಿಡೀ ಮಲಗಿ ಬೆಳಗಿನ ಜಾವ ಎದ್ದ ಜನಕ್ಕೆ ಆ ಫಲಕ ಪಾಲಿಸುವುದು ಆಗದ ಮಾತು; ದೊಡ್ಡ ಸ್ಟೇಷನ್ನು ಬರುವುದೂ ಅದೇ ಹೊತ್ತಿಗೆ. ಜಲ್ಲಿಯ ನಡುವೆ ಸಿಕ್ಕಿದ್ದನ್ನು ತೆಗೆಯುವುದು ಕಷ್ಟವೆಂದು ಪ್ಲಾಟ್‌ಫಾರ್ಮುಗಳ ಬದಿಯ ಹಳಿಗೆ ಕಾಂಕ್ರೀಟ್ ಹಾಸಿ, ನಡುವೆ ಚರಂಡಿ ಕೊಟ್ಟರು. ರೈಲ್ವೆಯ ಭಾಷೆಯಲ್ಲಿ ಅದು ವಾಷಬಲ್ ಏಪ್ರನ್. ಗಾಡಿ ಹೊರಟ ಕೂಡಲೇ ಪೊರಕೆ, ಸಲಿಕೆ, ನೀರಿನ ಪೈಪು ಹಿಡಿದ ಹೆಂಗಸರೋ ಗಂಡಸರೋ ಹಳಿಗಿಳಿಯುತ್ತಿದ್ದರು, ಮುಂದಿನ ಗಾಡಿ ಬರುವುದರೊಳಗೆ ತಳ್ಳಿ ತೊಳೆದು ಮೇಲೆ ಹತ್ತಬೇಕಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಕಾಫಿ ಕುಡಿಯುತ್ತ ನಿಂತವರು ಮುಖ ಆಚೆ ತಿರುಗಿಸುತ್ತಿದ್ದರು. ಇಂಥ ಏರ್ಪಾಟು ರೈಲ್ವೆಯೊಂದೇ ಕಂಡುಕೊಂಡದ್ದಲ್ಲ. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ಹೊಸದಾಗಿ ಕಟ್ಟಿದಾಗ ಮನೆಗಳ ಹಿಂದೆ ಕನ್ಸರ್ವೆನ್ಸಿ ಎಂಬ ಓಣಿ ಬಿಟ್ಟರು. ಮುಂಬಾಗಿಲಿನ ರಸ್ತೆಗೆ ಗಾಳಿ ಬೆಳಕು, ಹಿತ್ತಲ ಓಣಿಗೆ ಮಲದ ಬಕೆಟ್ಟು ಮತ್ತು ಅದನ್ನು ಹೊರುವವರು. ಊರಿನ ಆರೋಗ್ಯ ಸುಧಾರಿಸಬೇಕೆಂಬ ಕಳಕಳಿ ಪ್ರಾಮಾಣಿಕವಾಗಿಯೇ ಇತ್ತು, ಆದರೆ ಬಕೆಟ್ಟು ಹೊರುವವರ ಆರೋಗ್ಯ ಆ ಲೆಕ್ಕದಲ್ಲಿ ಇರಲಿಲ್ಲ.

ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಕರ್ನಾಟಕ 1970ರ ದಶಕದಲ್ಲೇ ನಿಷೇಧಿಸಿತು. ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪನವರ ಆ ನಿರ್ಧಾರ ದೇಶದಲ್ಲೇ ಮುಂಚೂಣಿಯದು. ಆದರೂ ಅದೇ ರಾಜ್ಯದ ಕೋಲಾರ ಚಿನ್ನದ ಗಣಿಯ ಕಾಲೊನಿಗಳಲ್ಲಿ ಒಣ ಕಕ್ಕಸುಗಳು 1980ರ ದಶಕದಲ್ಲೂ ಉಳಿದಿದ್ದವು, ಅವನ್ನು ಬಳಿಯುವ ಕೆಲಸ ಒಂದೇ ಸಮುದಾಯದ ತಲೆಗೆ ಕಟ್ಟಿತ್ತು. ಆ ಮನೆಗಳೊಂದರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮುಂದೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಅವರ ಅಣ್ಣ ಗಣಿಗೆ ಬರುವ ಮೊದಲು ರೈಲ್ವೆಯಲ್ಲೂ ಇದೇ ಕೆಲಸ ಮಾಡಿದ್ದರು. 1993ರ ಕೇಂದ್ರ ಕಾನೂನು ಒಣ ಕಕ್ಕಸನ್ನು ನಿಷೇಧಿಸಿತಾದರೂ, ಹಳಿಯನ್ನು ಕಕ್ಕಸು ಎಂದು ಯಾರು ಒಪ್ಪುತ್ತಾರೆ? ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಹೊಸ ಕಾನೂನು ಮಲ ಬಳಿಯುವ ಜಾಗಗಳನ್ನು ಹೆಸರಿಸುವಾಗ ರೈಲು ಹಳಿಯನ್ನೂ ಸ್ಪಷ್ಟವಾಗಿ ಸೇರಿಸಿತು. 2014ರ ಮಾರ್ಚ್ 27ರ ತೀರ್ಪು, ಹಳಿಯ ಮೇಲಿನ ಈ ಕೆಲಸವನ್ನು ಕಾಲಮಿತಿಯೊಳಗೆ ಕೊನೆಗಾಣಿಸಬೇಕೆಂದು ರೈಲ್ವೆಗೆ ಹೇಳಿತು. ಅದೇ ಕಾನೂನಿನಲ್ಲಿ ಒಂದು ಕಿಂಡಿಯೂ ಉಳಿಯಿತು: ಸಲಕರಣೆ, ರಕ್ಷಣಾ ಉಡುಪು ಕೊಟ್ಟು ಮಾಡಿಸಿದರೆ ಅದು ಮಲ ಬಳಿಯುವ ಕೆಲಸ ಎನಿಸುವುದಿಲ್ಲ. ಉದ್ದ ಹಿಡಿಯ ಪೊರಕೆ, ಒಂದು ಜೊತೆ ಗವಸು ಕೊಟ್ಟು ಕಾನೂನು ಪಾಲಿಸಿದ್ದೇವೆ ಎನ್ನಲು ಈ ಕಿಂಡಿ ಸಾಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹಳಿಯ ಮೇಲೆ ಬೀಳುವುದರಲ್ಲಿ ಹೆಚ್ಚಿನದು ಊರಾಚೆ, ಓಡುವ ಗಾಡಿಯಿಂದ, ಮೈಲಿಗಟ್ಟಲೆ ಚದುರಿ ಬೀಳುತ್ತದೆ. ಬಿಸಿಲು ಒಣಗಿಸುತ್ತದೆ, ಮಳೆ ತೊಳೆಯುತ್ತದೆ. ಸ್ಟೇಷನ್ನಿನ ಕೆಲವು ನೂರು ಗಜದ ಸಮಸ್ಯೆಗಾಗಿ ಎಲ್ಲ ಬೋಗಿಗೂ ತೊಟ್ಟಿ ಕಟ್ಟುವುದು ದುಬಾರಿಯಲ್ಲವೇ? ಇದೇ ತರ್ಕದ ಮೇಲೆ, ಗಾಡಿ ಸುಮಾರು 30 ಕಿಲೋಮೀಟರ್ ವೇಗ ಮುಟ್ಟಿದ ಮೇಲಷ್ಟೇ ಬಾಯಿ ತೆರೆಯುವ ಶೌಚಾಲಯಗಳೂ ಕೆಲವು ಬೋಗಿಗಳಿಗೆ ಬಂದವು. ಸ್ಟೇಷನ್ನು ಚೊಕ್ಕಟವಾಯಿತು, ಹೊಲಸು ಊರಾಚೆಗೆ ಹೋಯಿತು. ಆದರೆ ಊರಾಚೆಯೂ ಮನುಷ್ಯರಿದ್ದಾರೆ. ದಿನಾ ಹಳಿಯುದ್ದಕ್ಕೂ ನಡೆದು ಕ್ಲಿಪ್ಪು ಬಿಗಿ ಮಾಡುವ ಕೀಮನ್, ಜಲ್ಲಿ ಸರಿಪಡಿಸುವ ಗ್ಯಾಂಗ್‌ಮನ್ನುಗಳು ಕೂತು ಕೈಯಿಡಬೇಕಾದದ್ದು ಅದರೊಳಗೇ. ರೈಲ್ವೆಯ ಸುರಕ್ಷತೆ ಪರಿಶೀಲಿಸಿದ ಅನಿಲ್ ಕಾಕೋಡ್ಕರ್ ಸಮಿತಿ 2012ರ ಫೆಬ್ರವರಿಯಲ್ಲಿ ವರದಿ ಕೊಟ್ಟಾಗ ಇನ್ನೊಂದು ಅಂಶವೂ ಹೊರಬಿತ್ತು: ಮಲಮೂತ್ರದ ತೇವದಿಂದ ಹಳಿಯ ಪಾದ, ಅದನ್ನು ಸ್ಲೀಪರಿಗೆ ಹಿಡಿದಿಡುವ ಕ್ಲಿಪ್ಪು, ಲೈನರುಗಳು ತುಕ್ಕು ಹಿಡಿದು ಆಯುಷ್ಯ ತೀರುವ ಮೊದಲೇ ಸವೆಯುತ್ತಿವೆ. ಹಳಿಗೆ ಏನೂ ಬೀಳದ ಶೌಚಾಲಯ ಎಲ್ಲ ಬೋಗಿಗೂ ಬೇಕೆಂದು ಸಮಿತಿ ಶಿಫಾರಸು ಮಾಡಿತು. ದಶಕಗಳ ಕಾಲ ಮನುಷ್ಯರ ಕೈ ಕೊಳೆಯಾದದ್ದು ಎಬ್ಬಿಸದ ಆತುರವನ್ನು ಕಬ್ಬಿಣದ ತುಕ್ಕು ಎಬ್ಬಿಸಿತು. ಫಲ ಒಳ್ಳೆಯದೇ ಆಯಿತು ಎಂದುಕೊಂಡರೂ ಈ ಅನುಕ್ರಮವನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ಪರಿಹಾರದ ಮೂಲ ಹಿಮದಲ್ಲಿತ್ತು. ಸಿಯಾಚಿನ್‌ನಂಥ ಕಡೆ ಸೈನಿಕರ ಮಲ ಕೊಳೆಯುವುದೇ ಇಲ್ಲ, ಹೂತದ್ದು ಹೂತಂತೆಯೇ ಉಳಿಯುತ್ತದೆ. ಇದಕ್ಕಾಗಿ ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಾಲಯ ಚಳಿಯಲ್ಲೂ ಬದುಕುವ ಬ್ಯಾಕ್ಟೀರಿಯಾಗಳನ್ನು ಒಟ್ಟುಮಾಡಿ ಬೆಳೆಸಿತ್ತು. 2010ರಲ್ಲಿ ರೈಲ್ವೆ ಅವರೊಡನೆ ಒಪ್ಪಂದ ಮಾಡಿಕೊಂಡಿತು, 2011ರ ಜನವರಿಯಲ್ಲಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್ಸಿನಲ್ಲಿ ಮೊದಲ ತೊಟ್ಟಿಗಳು ಓಡಿದವು. ಬೋಗಿಯಡಿಯ ಸ್ಟೀಲ್ ತೊಟ್ಟಿಯೊಳಗೆ ಅಡ್ಡಗೋಡೆಗಳು. ಗಾಳಿಯಿಲ್ಲದ ಆ ಕತ್ತಲಲ್ಲಿ ಒಂದು ಬಗೆಯ ಸೂಕ್ಷ್ಮಜೀವಿ ಮಲವನ್ನು ಆಮ್ಲವಾಗಿ ಒಡೆಯುತ್ತದೆ, ಇನ್ನೊಂದು ಆ ಆಮ್ಲವನ್ನು ತಿಂದು ಮೀಥೇನು, ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಉಳಿದ ನೀರು ಕ್ಲೋರಿನ್ನಿನ ಮೂಲಕ ಹಾದು ಹೊರಹೋಗುತ್ತದೆ. ಮೀಥೇನಿಗಾಗಲಿ ಇಂಗಾಲದ ಡೈಆಕ್ಸೈಡಿಗಾಗಲಿ ವಾಸನೆಯಿಲ್ಲ. ಮೂಗಿಗೆ ಹೊಡೆಯುವುದು ಹೈಡ್ರೋಜನ್ ಸಲ್ಫೈಡ್, ಅಮೋನಿಯಾ, ಅರ್ಧ ಒಡೆದ ಆಮ್ಲಗಳು. ಹಾಗಾಗಿ ತೊಟ್ಟಿ ಜೋರಾಗಿ ನಾರುತ್ತಿದ್ದರೆ ಬಹುಮಟ್ಟಿಗೆ ಎರಡರಲ್ಲೊಂದು ನಡೆದಿರುತ್ತದೆ: ಜೀವಿಗಳ ಕೆಲಸ ಅರ್ಧಕ್ಕೆ ನಿಂತಿದೆ, ಇಲ್ಲವೇ ದಾರಿ ಕಟ್ಟಿಕೊಂಡಿದೆ. ಅಮೆರಿಕದ ಮೋಟರ್‌ಹೋಮುಗಳ ತೊಟ್ಟಿಗಳಲ್ಲಿ ಬಹುಕಾಲ ಇದಕ್ಕೆ ವಿರುದ್ಧವಾದ ದಾರಿ ನಡೆದಿತ್ತು. ಫಾರ್ಮಾಲ್ಡಿಹೈಡ್ ಬೆರೆತ ದ್ರವ ಸುರಿದು ಜೀವಿಗಳನ್ನೇ ಕೊಂದುಬಿಟ್ಟರೆ ಕೊಳೆಯುವುದೂ ಇಲ್ಲ, ನಾರುವುದೂ ಇಲ್ಲ. ಪ್ರವಾಸಿಯ ಮಟ್ಟಿಗೆ ಅದು ನೆಮ್ಮದಿ. ಅವನು ತೊಟ್ಟಿ ಖಾಲಿ ಮಾಡಿದ ಶಿಬಿರದ ಸೆಪ್ಟಿಕ್ ಟ್ಯಾಂಕಿನಲ್ಲಿ ಆ ವಿಷ ಅಲ್ಲಿನ ಜೀವಿಗಳನ್ನೂ ಕೊಲ್ಲುತ್ತದೆ. ನಮ್ಮಲ್ಲೂ ನಾತ ಬಂದೊಡನೆ ಆಸಿಡ್ಡು, ಫಿನಾಯಿಲು ಸುರಿಯುವ ರೂಢಿಯಿದೆ. ಬಯೋ ಟಾಯ್ಲೆಟ್ಟಿಗೆ ಹಾಗೆ ಸುರಿದರೆ ಒಂದು ಗಂಟೆ ಪರಿಮಳ ಬರುತ್ತದೆ, ಆ ಮೇಲೆ ತೊಟ್ಟಿ ಕೆಡುತ್ತದೆ.

ಈ ಏರ್ಪಾಟು ಹೇಳಿದಷ್ಟು ಚೆನ್ನಾಗಿ ನಡೆಯಲಿಲ್ಲ ಎಂಬುದು ಬಲವಾದ ಆಕ್ಷೇಪ. 2017ರ ಸಿಎಜಿ ವರದಿಯ ಪ್ರಕಾರ, 2016-17ರಲ್ಲಿ ಪರಿಶೀಲಿಸಿದ ಸುಮಾರು 25,000 ಬಯೋ ಟಾಯ್ಲೆಟ್ಟುಗಳಲ್ಲಿ ದಾಖಲಾದ ದೋಷಗಳು ಹೆಚ್ಚುಕಡಿಮೆ ಎರಡು ಲಕ್ಷ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡ ಪ್ರಕರಣಗಳು. ಬೆಂಗಳೂರಿನ ಕೋಚಿಂಗ್ ಡಿಪೊ ಆ ಪಟ್ಟಿಯಲ್ಲಿ ಎದ್ದು ಕಾಣುತ್ತಿತ್ತು. ಅದೇ ವರ್ಷ ಐಐಟಿ ಮದ್ರಾಸಿನ ಅಧ್ಯಯನವೊಂದು, ಈ ತೊಟ್ಟಿಗಳ ನೀರು ಸಾಮಾನ್ಯ ಸೆಪ್ಟಿಕ್ ಟ್ಯಾಂಕಿಗಿಂತ ಉತ್ತಮವಾಗಿಲ್ಲ ಎಂದಿತು. ಎರಡನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಆದರೂ ಈ ತೊಟ್ಟಿಯನ್ನು ಹೋಲಿಸಬೇಕಾದದ್ದು ತೆರೆದ ಹಳಿಯೊಡನೆ; ಹಾಗೆ ನೋಡಿದರೆ ಅರೆಬರೆ ತೊಟ್ಟಿಯೂ ಒಂದು ಹೆಜ್ಜೆ ಮುಂದೆಯೇ. ನನ್ನನ್ನು ಹೆಚ್ಚು ಕಾಡುವುದು ಕಟ್ಟಿಕೊಳ್ಳುವ ಸಮಸ್ಯೆ. ಬಾಟಲಿ, ಗುಟ್ಕಾ ಚೀಟಿ, ಟೀ ಲೋಟ, ಮಗುವಿನ ಡಯಪರ್ ಇವೆಲ್ಲ ಹಳೆಯ ಕೊಳವೆಯಲ್ಲಿ ಸಲೀಸಾಗಿ ಉದುರಿಹೋಗುತ್ತಿದ್ದವು. ತೊಟ್ಟಿಯ ಬಾಗಿನಲ್ಲಿ ಅವು ಸಿಕ್ಕಿಕೊಳ್ಳುತ್ತವೆ. ಪ್ರಯಾಣಿಕರಿಗೆ ಶಿಸ್ತಿಲ್ಲ ಎಂದು ಅಲ್ಲಿಗೆ ಬಿಡುವವರಿದ್ದಾರೆ. ಕಸದ ಡಬ್ಬಿಯೇ ಇಲ್ಲದ ಶೌಚಾಲಯಗಳನ್ನೂ ಸಿಎಜಿ ವರದಿ ಗುರುತಿಸಿತ್ತು. ಸ್ಯಾನಿಟರಿ ಪ್ಯಾಡ್ ಹಾಕಲು ಜಾಗವನ್ನೇ ಕೊಡದೆ ಹೆಂಗಸರನ್ನು ದೂರುವುದು ನ್ಯಾಯವಲ್ಲ. ಕಟ್ಟಿಕೊಂಡದ್ದನ್ನು ಬಿಡಿಸುವವರು ಯಾರು? ಪಿಟ್ ಲೈನಿನಲ್ಲಿ, ಅಂದರೆ ಡಿಪೊದಲ್ಲಿ ಹಳಿಯ ನಡುವೆ ತೋಡಿದ ಗುಂಡಿಯಲ್ಲಿ, ಬೋಗಿಯಡಿ ನಿಂತು ಕವಾಟ ತೆರೆಯುವ ಗುತ್ತಿಗೆ ಕಾರ್ಮಿಕ. ಹಳಿಯಿಂದ ಎತ್ತಿದ ಕೆಲಸ ಡಿಪೊದಲ್ಲಿ ಮತ್ತೆ ಒಬ್ಬನ ಕೈಗೇ ಬಂದು ಬಿದ್ದಿದೆ.

2020ರ ಹೊತ್ತಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಬಯೋ ಟಾಯ್ಲೆಟ್ಟುಗಳು ಬೋಗಿಗಳಿಗೆ ಬಂದವು. 2019ರಲ್ಲಿ ಹೊರಟ ವಂದೇ ಭಾರತ್‌ನಂಥ ಗಾಡಿಗಳಲ್ಲಿ ಗಾಳಿಯ ಸೆಳೆತದಿಂದ, ಸ್ವಲ್ಪವೇ ನೀರಿನಲ್ಲಿ ತೊಳೆಯುವ ವ್ಯವಸ್ಥೆಯಿದೆ. ನಾತದ ಮಟ್ಟಿಗೆ ಇದು ಉತ್ತಮ. ಕೊಳವೆ ಕಟ್ಟಿಕೊಂಡಾಗ ಬಿಚ್ಚುವುದು ಮಾತ್ರ ಇಲ್ಲಿ ಇನ್ನೂ ನಾಜೂಕಿನ ಕೆಲಸ. ಆದ್ದರಿಂದ ನಾತದ ದೂರು ಬಂದಾಗ ರೈಲ್ವೆ ಮೊದಲು ಲೆಕ್ಕ ಹಾಕಬೇಕಾದದ್ದು ಸುಗಂಧದ ಡಬ್ಬಿಗಳನ್ನಲ್ಲ: ಗಾಡಿಗೆ ಪಿಟ್ ಲೈನಿನಲ್ಲಿ ಸಿಗುವ ಗಂಟೆಗಳು ಎಷ್ಟು, ಡಿಪೊದಲ್ಲಿ ಹೀರುವ ಯಂತ್ರಗಳು ಎಷ್ಟು, ಕೈ ಹಾಕದೆ ಕಟ್ಟು ಬಿಡಿಸುವ ಉಪಕರಣ ಇದೆಯೇ, ಆ ಕೆಲಸಗಾರರು ಯಾರ ಹಾಜರಿ ಪುಸ್ತಕದಲ್ಲಿದ್ದಾರೆ. ಒಳಚರಂಡಿಗಿಳಿದು ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಆ ಸಾವುಗಳಲ್ಲಿ ಎಷ್ಟೋ ಸಂಭವಿಸಿದ್ದು ಹೈಡ್ರೋಜನ್ ಸಲ್ಫೈಡಿನಿಂದ, ಬೋಗಿಯಲ್ಲಿ ನಾವು ಮೂಗು ಮುಚ್ಚಿಕೊಳ್ಳುವ ಅದೇ ಅನಿಲದಿಂದ. ರೈಲಿನ ತೊಟ್ಟಿಗಳಿಂದ ಹೀರಿ ತೆಗೆದದ್ದನ್ನೂ ಕೊನೆಗೆ ಯಾವುದೋ ಗುಂಡಿಗೋ ಚರಂಡಿಗೋ ಬಿಡಬೇಕು. ಅಲ್ಲಿ ಯಾರನ್ನೂ ಇಳಿಸುವುದಿಲ್ಲ ಎಂಬ ಖಾತ್ರಿಯನ್ನು ಶೌಚಾಲಯ ನಿರ್ವಹಣೆಯ ಪ್ರತಿ ಗುತ್ತಿಗೆಯಲ್ಲೂ ಬರೆಸಿಕೊಳ್ಳಬೇಕು, ಅದು ಪಾಲನೆಯಾಗುತ್ತಿದೆಯೇ ಎಂದು ರೈಲ್ವೆಯ ಅಧಿಕಾರಿಗಳು ಡಿಪೊಗೆ ಹೋಗಿ ನೋಡಬೇಕು.