ಸಂಪು ಸೋರಿದರೆ ನೀರು ಪೋಲಾಗುತ್ತದೆ, ಅಷ್ಟೇ ಎಂಬುದು ನಿಜವೇ?

ಹೇಳಿಕೆ: ‘ಸಂಪು ಸ್ವಲ್ಪ ಸೋರಿದರೆ ಏನೂ ಆಗಲ್ಲ. ನೀರು ಭೂಮಿಗೇ ತಾನೆ ಹೋಗೋದು!’

ಸತ್ಯಾಂಶ: ಇದು ಅರ್ಧ ಸತ್ಯ. ನೀರು ಹೊರಗೆ ಹೋಗುವ ಬಿರುಕಿನಿಂದಲೇ ಕೊಳಚೆ ನೀರು ಒಳಗೂ ಬರಬಹುದು.

ದೋಣಿ ಸೋರಿದರೆ ಕಾಲಿಗೇ ನೀರು ತಾಗುತ್ತದೆ, ಕೂಡಲೇ ಗೊತ್ತಾಗುತ್ತದೆ. ನೆಲದೊಳಗಿನ ಸಂಪು ಸೋರಿದರೆ ತಿಂಗಳುಗಟ್ಟಲೆ ತಿಳಿಯುವುದಿಲ್ಲ. ಕಾಡುಗೋಡಿ, ವೈಟ್‌ಫೀಲ್ಡ್ ಕಡೆಯ ಎಷ್ಟೋ ಮನೆಗಳಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ನೀರೆಲ್ಲ ಬೀಳುವುದು ಒಂದೇ ಸಂಪಿಗೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದವರಿಗೆ ಆ ನೀರಿನ ಬೆಲೆ ಗೊತ್ತು.

ಕೊಳಚೆ ಒಳಗೆ ಬರುವುದು ಹೇಗೆ?

ಸಂಪು ತುಂಬಿದ್ದಾಗ ಒಳಗಿನ ಒತ್ತಡ ಹೆಚ್ಚು, ನೀರು ಹೊರಗೆ ಹೋಗುತ್ತದೆ. ಮಳೆಗೆ ಸುತ್ತಲಿನ ಮಣ್ಣಿನಲ್ಲಿ ನೀರು ನಿಂತು, ಸಂಪು ಅರ್ಧ ಖಾಲಿಯಾದರೆ ಲೆಕ್ಕ ಉಲ್ಟಾ. ಆಗ ಹೊರಗಿನ ನೀರು ಒಳಗೆ ನುಗ್ಗುತ್ತದೆ. ಹತ್ತಿರದಲ್ಲಿ ಪಿಟ್ ಅಥವಾ ಒಡೆದ ಚರಂಡಿ ಪೈಪ್ ಇದ್ದರೆ ವಾಂತಿಭೇದಿ, ಟೈಫಾಯ್ಡ್, ಕಾಮಾಲೆಯ ಅಪಾಯವಿದೆ.

ಮನೆಯಲ್ಲೇ ಪರೀಕ್ಷೆ ಮಾಡಿ

1. ರಾತ್ರಿ ಮೋಟರ್ ಆಫ್ ಮಾಡಿ, ಸಂಪಿಗೆ ನೀರು ಬರುವ ವಾಲ್ವ್ ಮುಚ್ಚಿ.
2. ಉದ್ದನೆಯ ಒಣ ಕೋಲನ್ನು ತಳ ಮುಟ್ಟುವಂತೆ ಇಳಿಸಿ, ಒದ್ದೆಯಾದ ಎತ್ತರ ಅಳೆಯಿರಿ. 8 ಗಂಟೆ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯಿರಿ.
3. ಮಟ್ಟ ಇಳಿದಿದ್ದರೆ ಸಂಪು ಸೋರುತ್ತಿದೆ. ಮುಚ್ಚಿದ ಸಂಪಿನಲ್ಲಿ ಆವಿಯಾಗುವ ನೀರು ತೀರಾ ಕಡಿಮೆ.
4. ಮಟ್ಟ ಏರಿದ್ದರೆ ಮೂರು ಸಾಧ್ಯತೆ: ವಾಲ್ವ್ ಸರಿಯಾಗಿ ಮುಚ್ಚಿಲ್ಲ, ಮೇಲಿನ ಟ್ಯಾಂಕಿನ ನೀರು ವಾಪಸ್ ಇಳಿಯುತ್ತಿದೆ, ಅಥವಾ ಹೊರಗಿನ ನೀರು ಬರುತ್ತಿದೆ. ಮಳೆಯಾದ ಮೇಲೆ ಮಾತ್ರ ಏರಿದರೆ ಮೂರನೆಯದರ ಅನುಮಾನ ಹೆಚ್ಚು.

6 ಅಡಿ ಉದ್ದ, 6 ಅಡಿ ಅಗಲದ ಸಂಪಿನಲ್ಲಿ 1 ಇಂಚು ಇಳಿದರೆ ಸುಮಾರು 85 ಲೀಟರ್ ಹೋಯಿತು ಎಂದರ್ಥ. ದಿನವೂ ಅಷ್ಟೇ ಹೋದರೆ ತಿಂಗಳಿಗೆ 2,500 ಲೀಟರ್‌ಗೂ ಹೆಚ್ಚು.

ಬಿರುಕು ಎಲ್ಲಿದೆ?

ಮಟ್ಟ ಇಳಿಯುತ್ತಾ ಒಂದು ಕಡೆ ನಿಂತರೆ, ಸೋರುವ ಜಾಗ ಸಾಮಾನ್ಯವಾಗಿ ಆ ಎತ್ತರದಲ್ಲೇ ಇರುತ್ತದೆ. ಪೈಪ್ ಗೋಡೆ ದಾಟುವ ಜಾಗ, ಗೋಡೆ ಮತ್ತು ತಳ ಸೇರುವ ಮೂಲೆಗಳನ್ನು ಮೊದಲು ನೋಡಿಸಿ. ಸಂಪಿನ ಮಟ್ಟ ಸರಿಯಾಗಿದ್ದೂ ನೀರು ಬೇಗ ಖಾಲಿಯಾಗುತ್ತಿದ್ದರೆ ಫ್ಲಶ್ ಟ್ಯಾಂಕಿಗೆ ಅಡುಗೆ ಬಣ್ಣ ಹಾಕಿ. ಫ್ಲಶ್ ಮಾಡದೆ ಅರ್ಧ ಗಂಟೆಯಲ್ಲಿ ಕಮೋಡಿನಲ್ಲಿ ಬಣ್ಣ ಕಂಡರೆ ಸೋರಿಕೆ ಅಲ್ಲಿದೆ.

ರಿಪೇರಿ ಹೇಗೆ?

ಒದ್ದೆ ಬಿರುಕಿನ ಮೇಲೆ ಎಂ-ಸೀಲ್ ಮೆತ್ತಿದರೆ ಹೆಚ್ಚು ದಿನ ನಿಲ್ಲುವ ಭರವಸೆಯಿಲ್ಲ. ಸಂಪು ಖಾಲಿ ಮಾಡಿ, ಬಿರುಕನ್ನು ಕೆತ್ತಿ ಅಗಲಿಸಿ, ಕುಗ್ಗದ ಗ್ರೌಟ್ ತುಂಬಿಸಬೇಕು. ಮೇಲೆ ಕುಡಿಯುವ ನೀರಿಗೆ ಸುರಕ್ಷಿತವೆಂದು ನಮೂದಿಸಿದ ವಾಟರ್‌ಪ್ರೂಫ್ ಲೇಪನ ಬೇಕು. ಮಣ್ಣು ಒಣಗಿರುವ ಬೇಸಿಗೆ ಇದಕ್ಕೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹೊರಗಿನ ನೀರಿನ ಒತ್ತಡ ಲೇಪನವನ್ನು ಎಬ್ಬಿಸಿಬಿಡಬಹುದು. ಕೆಲಸ ಗಟ್ಟಿಯಾದ ಮೇಲೆ ತೊಳೆದು, ನೀರು ತುಂಬಿಸಿ, ಕೋಲಿನ ಪರೀಕ್ಷೆ ಮತ್ತೆ ಮಾಡಿ.

ಎಚ್ಚರಿಕೆ: ಸಂಪಿಗೆ ಒಬ್ಬರೇ ಇಳಿಯಬೇಡಿ. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಿದ್ದು ಕ್ಷಣಗಳಲ್ಲಿ ಪ್ರಜ್ಞೆ ತಪ್ಪಬಹುದು. ಒಳಗೆ ಬಿದ್ದವರನ್ನು ಎತ್ತಲು ಹಾಗೇ ಇಳಿದವರೂ ಸಾಯುತ್ತಾರೆ. ಅಂಥ ಸಂದರ್ಭದಲ್ಲಿ 112ಕ್ಕೆ ಕರೆ ಮಾಡಿ. ಪೆಟ್ರೋಲ್, ಡೀಸೆಲ್ ಪಂಪ್ ಒಳಗೆ ಇಳಿಸಬೇಡಿ, ಅದರ ಹೊಗೆಯೂ ಪ್ರಾಣ ತೆಗೆಯುತ್ತದೆ. ಗಾಳಿಯ ವ್ಯವಸ್ಥೆ, ಸಲಕರಣೆ ಇರುವ ಅನುಭವಿಗಳಿಂದಲೇ ಕೆಲಸ ಮಾಡಿಸಿ.

‘ಪಟಿಕ ಹಾಕಿದರೆ ಸಾಕು’, ‘ಮನೆಯಲ್ಲಿ ಆರ್‌ಒ ಇದೆ’ ಎನ್ನುವವರಿಗೆ

ಪಟಿಕ ಕೊಳೆಯನ್ನು ತಳಕ್ಕೆ ಇಳಿಸುತ್ತದೆ, ಎಲ್ಲ ರೋಗಾಣುಗಳನ್ನು ಕೊಲ್ಲುವುದಿಲ್ಲ. ಆರ್‌ಒ ನೀರು ಕುಡಿದರೂ ಹಲ್ಲುಜ್ಜುವುದು, ಪಾತ್ರೆ, ತರಕಾರಿ ತೊಳೆಯುವುದು ಸಂಪಿನ ನೀರಿನಲ್ಲೇ. ವಾಸನೆ ಬಂದರೆ ಅಥವಾ ನೀರು ಮಬ್ಬಾದರೆ ಬಳಕೆ ನಿಲ್ಲಿಸಿ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಕಾವೇರಿ ನಲ್ಲಿಯಲ್ಲೇ ಕೊಳಚೆ ಬರುತ್ತಿದ್ದರೆ ಜಲಮಂಡಳಿಯ 1916ಕ್ಕೆ ದೂರು ಕೊಡಿ.

ತೀರ್ಮಾನ: ಸಂಪಿನ ಸೋರಿಕೆ ನೀರಿನ ನಷ್ಟ ಮಾತ್ರವಲ್ಲ, ಆರೋಗ್ಯದ ಪ್ರಶ್ನೆಯೂ ಹೌದು. ಒಂದು ಕೋಲು, ಒಂದು ರಾತ್ರಿ ಸಾಕು, ನಿಮ್ಮ ಸಂಪು ಸೋರುತ್ತಿದೆಯೇ ಎಂದು ತಿಳಿಯಲು.