ಹೋದ ಜೀವಕ್ಕೆ ಲೆಕ್ಕ ಒಪ್ಪಿಸುವವರು ಯಾರು?

ಮನುಷ್ಯ ಜೀವ ಯಾಕೆ ದೊಡ್ಡದು ಎಂದು ಕೇಳಿದರೆ ಧರ್ಮಗಳ ಬಳಿ ಸಿದ್ಧ ಉತ್ತರವಿದೆ: ಅದು ದೇವರು ಕೊಟ್ಟದ್ದು, ಇಲ್ಲವೇ ಜನ್ಮಾಂತರದ ಪುಣ್ಯ. ದೇವರನ್ನೂ ಆತ್ಮವನ್ನೂ ಆಚೆಗಿಟ್ಟು ಉತ್ತರ ಹುಡುಕುವವರ ದಾರಿ ಇಷ್ಟು ಸಲೀಸಲ್ಲ. 1785ರಲ್ಲಿ ಕಾಂಟ್ ಹೇಳಿದ: ಬದಲಿ ಸಿಗುವ ವಸ್ತುವಿಗೆ ಬೆಲೆಯಿರುತ್ತದೆ, ಮನುಷ್ಯನಿಗಿರುವುದು ಘನತೆ. ಅವನ ಸಮಕಾಲೀನ ಬೆಂಥಮ್ ಸುಖದುಃಖಗಳ ಮೊತ್ತವನ್ನೇ ನೀತಿಯ ಅಳತೆಗೋಲು ಮಾಡಿದ. ಧರ್ಮನಿರಪೇಕ್ಷ ನೀತಿಚಿಂತನೆಯ ಗ್ರಂಥಗಳು ಬಹುಪಾಲು ಈ ಇಬ್ಬರ ವಾದವನ್ನೇ ಬೆಳೆಸಿವೆ. ಕರ್ನೂಲು ಜಿಲ್ಲೆಯ ಪಶ್ಚಿಮಕ್ಕಿರುವ ದೇವನಕೊಂಡ, ಪತ್ತಿಕೊಂಡ, ಆದವಾನಿಗಳ ಸೀಮೆಯಲ್ಲಿ ನಿಂತು ನೋಡಿದರೆ ಅದೇ ಚಿಂತನೆಯ ಚರಿತ್ರೆ ಬೇರೆ ರೂಪ ತಾಳುತ್ತದೆ. ಇಲ್ಲಿ ಪ್ರತಿ ಹೆಜ್ಜೆಯೂ ಒಂದೇ ಪ್ರಶ್ನೆಯಿಂದ ಹೊರಟಿದೆ: ಹೋದ ಜೀವಕ್ಕೆ ಲೆಕ್ಕ ಒಪ್ಪಿಸಬೇಕಾದವರು ಯಾರು?

ಬಂಡೆಯ ಮೇಲಿನ ಲೆಕ್ಕ

ಪತ್ತಿಕೊಂಡಕ್ಕೆ ಸಮೀಪದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕೂ ಪ್ರಮುಖ ಶಿಲಾಶಾಸನಗಳಿವೆ. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು ಎಂದು ಹದಿಮೂರನೆಯ ಶಾಸನ ಹೇಳುತ್ತದೆ. ಅದರಲ್ಲಿ ನೂರರಲ್ಲೊಂದು, ಸಾವಿರದಲ್ಲೊಂದು ಪಾಲು ಜನ ಈಗ ಸತ್ತರೂ ಅದು ತನಗೆ ದುಃಖದ ಸಂಗತಿ ಎನ್ನುತ್ತಾನೆ ರಾಜ. ಕಳಿಂಗದ್ದೇ ನೆಲವಾದ ಧೌಳಿ, ಜೌಗಡಗಳಲ್ಲಿ ಈ ಶಾಸನವನ್ನು ಕೊರೆಸಿಲ್ಲ. ನೊಂದವರೆದುರು ಬಿಟ್ಟುಬಿಟ್ಟ ಲೆಕ್ಕವನ್ನು ದೂರದ ಈ ಸೀಮೆಯವರೆದುರು ಒಪ್ಪಿಸಿದ್ದಾನೆ.

ಅಶೋಕ ಪರಲೋಕದ ಮಾತನ್ನೂ ಆಡುತ್ತಾನೆ. ಆದರೂ ಅವನ ವಾದ ಯಾವುದೇ ಒಂದು ಪಂಥದ ನಂಬಿಕೆಗೆ ಜೋತುಬಿದ್ದಿಲ್ಲ. ಎಲ್ಲ ಪಂಥಗಳವರೂ ತಂದೆತಾಯಿ, ಗುರುಹಿರಿಯರು, ನಂಟರಿಷ್ಟರ ನಡುವೆ ಬಾಳುವವರು, ಒಬ್ಬನ ಸಾವು ಅವರೆಲ್ಲರಿಗೂ ಪೆಟ್ಟು ಎಂಬುದು ಅವನ ಕಾರಣ. ಮಿತಿಯೂ ಇದೆ. ಅವನು ಮರಣದಂಡನೆಯನ್ನು ರದ್ದು ಮಾಡಲಿಲ್ಲ. ಶಿಕ್ಷೆಗೊಳಗಾದವರಿಗೆ ಮೂರು ದಿನದ ಬಿಡುವು ಕೊಟ್ಟದ್ದಾಗಿ ಸ್ತಂಭಶಾಸನ ಹೇಳುತ್ತದೆ.

ಒಂದು ಪೌಂಡ್ ಧಾನ್ಯ

ಎರಡು ಸಾವಿರ ವರ್ಷಗಳ ಬಳಿಕ ಜೀವದ ಅಳತೆ ಧಾನ್ಯದ ತೂಕಕ್ಕೆ ಬಂದು ನಿಂತಿತು. ಆಗ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. 1876ರ ಧಾತು ಸಂವತ್ಸರದಲ್ಲಿ ಹಿಡಿದ ಬರ ಬಳ್ಳಾರಿ, ಕರ್ನೂಲು ಜಿಲ್ಲೆಗಳನ್ನು ಹಿಂಡಿತು. 1877ರ ಜನವರಿಯಲ್ಲಿ ವೈಸ್‌ರಾಯ್ ಕಳಿಸಿದ ರಿಚರ್ಡ್ ಟೆಂಪಲ್, ಬರಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಿದ. ಖಜಾನೆ ಉಳಿಯಬೇಕು, ಜೀವವೂ ಹೇಗೋ ಉಳಿದೀತು ಎಂಬುದು ಲೆಕ್ಕಾಚಾರ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ವಿಲಿಯಂ ಕಾರ್ನಿಷ್ ಇದನ್ನು ಎದುರಿಸಿ ನಿಂತ. ಬಿಸಿಲಲ್ಲಿ ಮಣ್ಣು ಹೊರುವ ದೇಹಕ್ಕೆ ಇಷ್ಟು ಸಾಲದು, ಬೇಳೆಕಾಳೂ ಬೇಕು ಎಂದು ಅಂಕಿಅಂಶ ಮುಂದಿಟ್ಟು ವಾದಿಸಿದ. ಅದೇ ವರ್ಷ ಮದ್ರಾಸ್ ಸರ್ಕಾರ ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ಹೋದ ಜೀವಗಳು ಹೋಗಿದ್ದವು. ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲಿ ಆ ಬರಕ್ಕೆ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು.

ಟೆಂಪಲ್, ಕಾರ್ನಿಷ್ ಇಬ್ಬರ ವಾದದಲ್ಲೂ ದೇವರಿಲ್ಲ. ಇಬ್ಬರೂ ಅಂಕಿಗಳನ್ನೇ ನೆಚ್ಚಿದವರು. ಒಬ್ಬನಿಗೆ ಮನುಷ್ಯ ಖರ್ಚಿನ ಬಾಬತ್ತು, ಇನ್ನೊಬ್ಬನಿಗೆ ಖರ್ಚನ್ನು ನಿರ್ಧರಿಸಬೇಕಾದ ಕಾರಣ. ಕಾಂಟ್ ಮತ್ತು ಬೆಂಥಮ್‌ರ ಜಗಳ ಇಲ್ಲಿ ಕೂಲಿಪಟ್ಟಿಯ ಮೇಲೆ ನಡೆಯಿತು. 1880ರ ಕ್ಷಾಮ ಆಯೋಗದ ವರದಿ ಮತ್ತು ಅದರ ಹಿಂದೆ ಬಂದ ಕ್ಷಾಮ ಸಂಹಿತೆಗಳು, ಬರದಲ್ಲಿ ಜೀವ ಉಳಿಸುವುದು ಸರ್ಕಾರದ ಹೊಣೆ ಎಂಬುದನ್ನು ಬರಹಕ್ಕಿಳಿಸಿದವು. ಧಾನ್ಯವಿದ್ದೂ ಕೊಳ್ಳುವ ಶಕ್ತಿ ಇಲ್ಲದವರು ಹಸಿವಿಗೆ ಬಲಿಯಾಗುತ್ತಾರೆಂದು ಅಮರ್ತ್ಯ ಸೇನ್ 1981ರಲ್ಲಿ ತೋರಿಸಿಕೊಟ್ಟರು. 2006ರ ಫೆಬ್ರವರಿ 2ರಂದು ಪಕ್ಕದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಉದ್ಯೋಗ ಖಾತ್ರಿ ಯೋಜನೆ ಆರಂಭವಾದಾಗ, ಹಿಂದೆ ದಯೆಯಾಗಿ ಸಿಗುತ್ತಿದ್ದ ಬರಗೆಲಸ ಹಕ್ಕಾಯಿತು.

ಎರಡೂ ಕಡೆಯ ಹೆಣಗಳು

ಇಪ್ಪತ್ತನೆಯ ಶತಮಾನದ ವಿಚಾರವಾದಿಗಳು ನೀತಿಯನ್ನು ದೇವರಿಂದ ಬಿಡಿಸಿದರು. ಗೋರಾ 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಎ.ಎನ್. ಮೂರ್ತಿರಾಯರ ‘ದೇವರು’ ಕನ್ನಡ ಓದುಗರನ್ನು ಅದೇ ಚರ್ಚೆಗೆ ಎಳೆಯಿತು. ಇವರ ಹೋರಾಟದ ಭಾರ ಮೂಢನಂಬಿಕೆಯ ಮೇಲಿತ್ತು. ಜೀವದ ಬೆಲೆಯ ಪ್ರಶ್ನೆಯನ್ನು ಬೀದಿಗೂ ಕೋರ್ಟಿಗೂ ಒಯ್ದವರು ಹಕ್ಕುಗಳ ಹೋರಾಟಗಾರರು. ಅವರಲ್ಲಿ ಮುಖ್ಯರು 1952ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ಕೆ. ಬಾಲಗೋಪಾಲ್.

ವಾರಂಗಲ್‌ನ ಕಾಕತೀಯ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಅವರು ಆಂಧ್ರಪ್ರದೇಶ ಪೌರಹಕ್ಕುಗಳ ಸಂಘದ ಕಾರ್ಯದರ್ಶಿಯಾಗಿ ಪೊಲೀಸ್ ಎನ್‌ಕೌಂಟರ್‌ಗಳ ಬೆನ್ನುಹತ್ತಿ ಊರೂರು ಸುತ್ತಿದರು. ಕ್ರಮೇಣ ಅವರೊಳಗೆ ಒಂದು ಅಸಮಾಧಾನ ಬೆಳೆಯಿತು. ಪೊಲೀಸರು ಕೊಂದಾಗ ದನಿಯೆತ್ತುವವರು ನಕ್ಸಲರು ಕೊಂದಾಗ, ಜಾತಿಯ ಕ್ರೌರ್ಯಕ್ಕೆ ಜನ ಬಲಿಯಾದಾಗ ಸುಮ್ಮನಿರಬಹುದೇ? ಗುರಿ ಒಳ್ಳೆಯದಾದರೆ ಹೆಣ ಹಗುರವಾಗುತ್ತದೆಯೇ? ಈ ಭಿನ್ನಮತ ಕೊನೆಗೆ ಒಡಕಾಗಿ, 1998ರಲ್ಲಿ ಮಾನವ ಹಕ್ಕುಗಳ ವೇದಿಕೆ ಹುಟ್ಟಿತು. ಈ ಸೀಮೆಯೂ ಸೇರಿದ ರಾಯಲಸೀಮೆಯ ಫ್ಯಾಕ್ಷನ್ ಜಗಳಗಳನ್ನೂ, ಅಂದರೆ ಊರ ಮುಖಂಡರ ಬಣಗಳ ನಡುವಿನ ಹಗೆಯನ್ನೂ ಅವರು ಇದೇ ಕಣ್ಣಿನಿಂದ ನೋಡಿದರು. ಅದನ್ನು ಸೀಮೆಯವರ ಬಿಸಿರಕ್ತ ಎನ್ನುವ ಸಿನಿಮಾ ವಿವರಣೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಅಧಿಕಾರ, ಗುತ್ತಿಗೆ, ಹಣ ಕೂಡಿಹಾಕುವ ಮಾರ್ಗವದು, ಸಾಯುವವರು ಹೆಚ್ಚಾಗಿ ಹಿಂಬಾಲಕರಾದ ಬಡವರು ಎಂಬುದು ಅವರ ನಿಲುವು.

ದೇವನಕೊಂಡ ಮಂಡಲದ ಕಪ್ಪಟ್ರಾಳ್ಳ ಈ ಮಾತಿಗೆ ಹತ್ತಿರದ ನಿದರ್ಶನ. 2008ರಲ್ಲಿ ಆ ಊರಿನ ಮುಖಂಡನೂ ಅವನ ಜೊತೆಗಿದ್ದ ಹತ್ತು ಜನರೂ ಒಂದೇ ದಾಳಿಯಲ್ಲಿ ಕೊಲೆಯಾದರು. 2014ರಲ್ಲಿ ಆದವಾನಿಯ ನ್ಯಾಯಾಲಯ 21 ಜನರಿಗೆ ಜೀವಾವಧಿ ವಿಧಿಸಿತು. ಸೇಡಿಗೂ ಒಂದು ಲೆಕ್ಕವಿದೆ: ಒಂದು ಹೆಣಕ್ಕೆ ಇನ್ನೊಂದು. ನ್ಯಾಯಾಲಯದ ಲೆಕ್ಕದಲ್ಲಿ ಪ್ರತಿ ಹೆಣಕ್ಕೂ ಉತ್ತರ ಹೇಳುವ ಹೆಸರುಗಳು ಬೇಕು. ಸರ್ಕಾರಕ್ಕೂ ಈ ನಿಯಮ ಅನ್ವಯಿಸಬೇಕೆಂದು 2009ರಲ್ಲಿ ಆಂಧ್ರ ಹೈಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು: ಎನ್‌ಕೌಂಟರ್‌ನಲ್ಲಿ ಯಾರೇ ಸತ್ತರೂ ಪ್ರಕರಣ ದಾಖಲಾಗಬೇಕು, ಆತ್ಮರಕ್ಷಣೆ ಎಂಬುದನ್ನು ಪೊಲೀಸರು ವಿಚಾರಣೆಯಲ್ಲಿ ಸಾಬೀತು ಮಾಡಬೇಕು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2014ರಲ್ಲಿ ಇಂಥ ಸಾವುಗಳ ತನಿಖೆಗೆ ತಾನೇ ಮಾರ್ಗಸೂಚಿ ಹೊರಡಿಸಿತು. ಅದನ್ನು ನೋಡಲು ಬಾಲಗೋಪಾಲ್ ಇರಲಿಲ್ಲ. 2009ರ ಅಕ್ಟೋಬರಿನಲ್ಲೇ ತೀರಿಕೊಂಡಿದ್ದರು.

ಉಳಿಸುವುದು ಎಲ್ಲಿಯವರೆಗೆ?

ಜೀವ ಉಳಿಸುವ ಹೊಣೆ ಗಟ್ಟಿಯಾದ ಮೇಲೆ ಅದಕ್ಕೆ ಕೊನೆ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಹೊನ್ನಾವರದ ಹತ್ತಿರದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅವರ ಮೇಲೆ ಹಲ್ಲೆ, ಅತ್ಯಾಚಾರ ನಡೆದು ಮೆದುಳಿಗೆ ಪೆಟ್ಟಾಯಿತು. 2015ರಲ್ಲಿ ಸಾಯುವವರೆಗೂ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷ್ಕ್ರಿಯ ದಯಾಮರಣವನ್ನು, ಅಂದರೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವುದನ್ನು, ತಾತ್ವಿಕವಾಗಿ ಒಪ್ಪಿತು, ಅರುಣಾ ಅವರ ವಿಷಯದಲ್ಲಿ ಮಾತ್ರ ನಿರಾಕರಿಸಿತು. ದಶಕಗಳ ಕಾಲ ಅವರ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿ ಅವರನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಮಾತಿಲ್ಲದವರ ಪರವಾಗಿ ಹೇಳುವ ಹಕ್ಕು ಆರೈಕೆಯ ಹೊಣೆ ಹೊತ್ತವರಿಗೇ ಹೆಚ್ಚು ಎಂಬ ಅಂಶ ಆ ತೀರ್ಪಿನಲ್ಲಿ ಅಡಗಿದೆ.

ಘನತೆಯಿಂದ ಸಾಯುವುದೂ ಬದುಕುವ ಹಕ್ಕನ್ನು ಕಾಯುವ ಸಂವಿಧಾನದ 21ನೆಯ ವಿಧಿಯೊಳಗೆ ಬರುತ್ತದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. 2023ರಲ್ಲಿ ಇಂಥ ಚಿಕಿತ್ಸೆಯನ್ನು ನಿಲ್ಲಿಸುವ ವಿಧಾನ ಸರಳವಾಯಿತು. 2025ರ ಜನವರಿಯಲ್ಲಿ ಅದರ ಜಾರಿಗೆ ಕರ್ನಾಟಕ ಸರ್ಕಾರ ಸುತ್ತೋಲೆ ಹೊರಡಿಸಿತು. ತನ್ನ ಬದುಕಿನ ಕೊನೆ ಹೇಗಿರಬೇಕೆಂದು ಹೇಳುವುದೂ ಜೀವಕ್ಕೆ ಸಲ್ಲಿಸುವ ಗೌರವವೇ ಎಂದು ರೊನಾಲ್ಡ್ ಡ್ವೊರ್ಕಿನ್ 1993ರಲ್ಲಿ ವಾದಿಸಿದ್ದರು.

ಮುಂದಿನ ಪ್ರಶ್ನೆ ಇನ್ನೂ ಹುಟ್ಟದವರದ್ದು. 2024ರಲ್ಲಿ ಕಪ್ಪಟ್ರಾಳ್ಳದ ಅರಣ್ಯದಲ್ಲಿ ಯುರೇನಿಯಂ ಹುಡುಕಾಟಕ್ಕೆ ಕೊಳವೆಬಾವಿ ಕೊರೆಯುವ ಸುದ್ದಿ ಬಂದಾಗ ಸುತ್ತಲ ಹಳ್ಳಿಗಳು ಎದ್ದುನಿಂತವು, ಕೆಲಸ ನಿಂತಿತು. ಅವರ ಆತಂಕ ತಮ್ಮ ನೀರು, ತಮ್ಮ ಮಕ್ಕಳು, ಮೊಮ್ಮಕ್ಕಳ ಕುರಿತದ್ದು. ಲೆಕ್ಕ ಕೇಳಲು ಬಾಯಿಲ್ಲದ ಮುಂದಿನ ತಲೆಮಾರಿನ ಪರವಾಗಿ ಲೆಕ್ಕ ಕೇಳುವವರು ಯಾರು ಎಂಬುದನ್ನು ಕಾನೂನು ಇನ್ನೂ ಸ್ಪಷ್ಟವಾಗಿ ಹೇಳಬೇಕಿದೆ. ಹಳ್ಳಿಯವರು ಆ ಕೆಲಸವನ್ನು ಆಗಲೇ ಕೈಗೆತ್ತಿಕೊಂಡಿದ್ದಾರೆ.